ಆಮ್ಲದ ಹನಿಯೂ ಭೋಗೋಪಭೋಗದ ಪರಿಮಾಣವೂ

ಭಾದ್ರಪದ ಶುಕ್ಲ ಪಂಚಮಿಯಂದು ದಶಲಕ್ಷಣ ಪರ್ವವು ಆರಂಭವಾಗುವುದಕ್ಕೆ ಮುನ್ನ ಶ್ರಾವಕರ ಮನೆಗಳಲ್ಲಿ ನಿಯಮಗಳನ್ನು ಗೊತ್ತುಮಾಡಿಕೊಳ್ಳುವ ಪದ್ಧತಿ ಉಂಟು. ಹತ್ತು ದಿನಗಳ ಮಟ್ಟಿಗೆ ಯಾವ ರಸವನ್ನು ಬಿಡಬೇಕು, ಎಷ್ಟು ಬಗೆಯ ಧಾನ್ಯ ಸಾಕು, ಎಷ್ಟು ಜೊತೆ ಉಡುಪು ಸಾಕು, ವಾಹನವನ್ನೇರುವುದು ಎಷ್ಟು ಸಲ ಎಂಬುದನ್ನು ಹಿರಿಯರು ಹೇಳುತ್ತಾರೆ, ಕಿರಿಯರು ಬರೆದುಕೊಳ್ಳುತ್ತಾರೆ. ಇಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಹದಿನೇಳು ವರ್ಷದ ಮೊಮ್ಮಗಳು ಕಾಗದದ ಮೇಲೆ ಎರಡು ಗೆರೆಗಳನ್ನೆಳೆದು ಭೋಗ, ಉಪಭೋಗ, ಔಷಧ ಎಂದು ಮೂರು ಅಂಕಣಗಳನ್ನು ಮಾಡಿಕೊಂಡಿದ್ದಾಳೆ. ಅನ್ನ, ಹಣ್ಣು, ಹೂವುಗಳು ಮೊದಲನೆಯದಕ್ಕೆ. ಸೀರೆ, ಹಾಸಿಗೆ, ಗಡಿಯಾರಗಳು ಎರಡನೆಯದಕ್ಕೆ. ಅಜ್ಜಿಯ ರಕ್ತದೊತ್ತಡದ ಮಾತ್ರೆ ಮೂರನೆಯದಕ್ಕೆ. ಎಲ್ಲವೂ ಸುಸೂತ್ರವಾಗಿ ನಡೆದು, ಕಡೆಗೆ ಕನ್ನಡಿಯ ಮುಂದಿರುವ ಒಂದು ಸಣ್ಣ ಸೀಸೆಯ ಬಳಿಗೆ ಬಂದಾಗ ಲೇಖನಿ ನಿಂತುಬಿಡುತ್ತದೆ. ಸೀಸೆಯ ಮೇಲೆ ಗ್ಲೈಕೋಲಿಕ್ ಆಮ್ಲ, ನೂರಕ್ಕೆ 7 ಪಾಲು ಎಂದು ನಮೂದಾಗಿದೆ. ಪ್ರತಿರಾತ್ರಿ ಮುಖ ತೊಳೆದ ಮೇಲೆ ಹತ್ತಿಯಲ್ಲಿ ಅದ್ದಿ ಹಚ್ಚಿಕೊಳ್ಳುವ ಟೋನರ್ ಅದು. ಅದನ್ನು ಯಾವ ಅಂಕಣದಲ್ಲಿ ಬರೆಯಬೇಕು?

ಪ್ರಶ್ನೆಯು ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಆದರೆ ಪರಿಮಾಣ ವ್ರತವಿರುವುದೇ ಕ್ಷುಲ್ಲಕವೆಂದು ತೋರುವ ವಸ್ತುಗಳಿಗಾಗಿ. ಸ್ಥೂಲ ಪಾಪಗಳ ನಿವೃತ್ತಿಗೆ ಅಣುವ್ರತಗಳು ಬೇರೆಯೇ ಇವೆ. ಒಮ್ಮೆ ಅನುಭವಿಸಿದೊಡನೆ ತೀರಿಹೋಗುವುದು ಭೋಗ, ಮತ್ತೆ ಮತ್ತೆ ಅನುಭವಕ್ಕೆ ಒದಗುವುದು ಉಪಭೋಗ ಎಂದು ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಂಗಡಿಸಿದ್ದಾರೆ. ಆ ಲೆಕ್ಕದಲ್ಲಿ ಹಚ್ಚಿ ಮುಗಿಯುವ ದ್ರವವು ಭೋಗವೇ ಸರಿ. ಉಪವಾಸದ ದಿನ ಸ್ನಾನ, ಅಂಜನ, ಗಂಧ, ಪುಷ್ಪ, ಅಲಂಕಾರಗಳನ್ನು ಬಿಡಬೇಕೆಂದು ಅದೇ ಗ್ರಂಥವು ವಿಧಿಸಿರುವುದರಿಂದ ಅಷ್ಟಮಿ ಚತುರ್ದಶಿಗಳ ಉಪವಾಸದಲ್ಲಿ ಸೀಸೆಯನ್ನು ಮುಟ್ಟದಿರುವುದರ ಬಗ್ಗೆಯೂ ವಿವಾದವಿಲ್ಲ. ಆದರೆ ಹುಡುಗಿಯ ಮುಖದಲ್ಲಿ ಎರಡು ವರ್ಷಗಳಿಂದ ಮೊಡವೆಗಳಿವೆ. ಅವು ಕೀವುಗೊಂಡು ನೋಯುತ್ತವೆ, ಒಣಗಿದ ಮೇಲೆ ಕಲೆಯನ್ನು ಉಳಿಸಿ ಹೋಗುತ್ತವೆ. ತಾನು ಹಚ್ಚುತ್ತಿರುವುದು ಔಷಧವೆಂದು ಅವಳ ವಾದ.

ಆ ವಾದವನ್ನು ತೂಗುವುದಕ್ಕೆ ಮೊದಲು ವಸ್ತುವನ್ನು ಅರಿಯಬೇಕು. ಚರ್ಮದ ಅತ್ಯಂತ ಮೇಲಿನ ಪೊರೆಯು ಜೀವಕಳೆದ ಕೋಶಗಳ ಹದಿನೈದು ಇಪ್ಪತ್ತು ಪದರಗಳಿಂದಾದುದು. ಬುಡದಲ್ಲಿ ಹುಟ್ಟಿದ ಕೋಶವು ಮೇಲೇರಿ, ಒಣಗಿ, ಕಳಚಿ ಬೀಳುವುದಕ್ಕೆ ತಾರುಣ್ಯದಲ್ಲಿ ಸುಮಾರು ನಾಲ್ಕು ವಾರಗಳು ಬೇಕು. ವಯಸ್ಸಾದಂತೆ ಇನ್ನೂ ಹೆಚ್ಚು. ಈ ನಿರ್ಜೀವ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಬಂಧವನ್ನು ಆಮ್ಲವು ಸಡಿಲಗೊಳಿಸುತ್ತದೆ. ತಾನಾಗಿ ಉದುರಬೇಕಾದುದು ಬೇಗ ಉದುರುತ್ತದೆ, ಕೆಳಗಿನ ನಯವಾದ ಪದರವು ಹೊಳೆಯುತ್ತದೆ. ಗ್ಲೈಕೋಲಿಕ್ ಆಮ್ಲದ ಅಣು ತೀರ ಚಿಕ್ಕದಾದುದರಿಂದ ಅದು ಚರ್ಮದೊಳಕ್ಕೆ ಸುಲಭವಾಗಿ ಇಳಿಯುತ್ತದೆ. ಸ್ಯಾಲಿಸಿಲಿಕ್ ಆಮ್ಲವು ಜಿಡ್ಡಿನಲ್ಲಿ ಕರಗುವ ಸ್ವಭಾವದ್ದಾಗಿ, ರೋಮಕೂಪಗಳಲ್ಲಿ ಕಟ್ಟಿಕೊಂಡ ಮೇದಸ್ಸನ್ನು ಬಿಡಿಸುವುದರಿಂದ ಮೊಡವೆಗೆ ಹೆಚ್ಚು ಉಪಯುಕ್ತ. ಲ್ಯಾಕ್ಟಿಕ್ ಆಮ್ಲವು ಇವೆರಡಕ್ಕಿಂತ ಮೃದು.

ಹೀಗೆ ಕಳಚುವುದನ್ನು ಕರ್ಮನಿರ್ಜರೆಗೆ ಹೋಲಿಸಿ, ಕಾಲ ಬಂದಾಗ ಉದುರುವುದು ಸವಿಪಾಕ, ಆಮ್ಲದಿಂದ ಉದುರಿಸುವುದು ಅವಿಪಾಕ ಎಂದು ಚಮತ್ಕಾರವಾಡುವವರು ಇರಬಹುದು. ಹೋಲಿಕೆಯು ರಮ್ಯವಾಗಿದ್ದರೂ ನಿಲ್ಲುವಂಥದಲ್ಲ. ಅವಿಪಾಕ ನಿರ್ಜರೆಗೆ ಬೇಕಾದುದು ತಪಸ್ಸು. ಅಂಗಡಿಯಲ್ಲಿ ಕೊಂಡ ದ್ರವದಿಂದ ಆದದ್ದು ಹೊಳಪು ಮಾತ್ರ.

ಶ್ರಾವಕ ಕುಟುಂಬಗಳಲ್ಲಿ ಇಂತಹ ವಸ್ತುವಿನ ಬಗ್ಗೆ ಮೊದಲು ಏಳುವ ಪ್ರಶ್ನೆ ಅದರ ಮೂಲವನ್ನು ಕುರಿತದ್ದು. ಪ್ರಶ್ನೆಯು ಯುಕ್ತವಾದದ್ದೇ. ಇದರಲ್ಲಿ ಕೊಬ್ಬುಂಟೆ, ಮಧುವುಂಟೆ, ಯಾವ ಪ್ರಾಣಿಯ ಅಂಗದಿಂದಲಾದರೂ ಬಂದದ್ದುಂಟೆ? ಈ ಆಮ್ಲಗಳ ಮಟ್ಟಿಗೆ ಉತ್ತರವು ಸಾಮಾನ್ಯವಾಗಿ ಸಮಾಧಾನಕರವಾಗಿದೆ. ಗ್ಲೈಕೋಲಿಕ್ ಆಮ್ಲವು ಕಬ್ಬಿನ ರಸದಲ್ಲಿರುವುದು ನಿಜ. ಆದರೆ ಸೀಸೆಯಲ್ಲಿರುವುದು ಬಹುಮಟ್ಟಿಗೆ ರಸಾಯನ ಕಾರ್ಖಾನೆಯಲ್ಲಿ ಸಂಯೋಜಿಸಿದ್ದು, ಹೊದಿಕೆಯ ಮೇಲಿನ ಕಬ್ಬಿನ ಜಲ್ಲೆಯ ಚಿತ್ರ ಅಲಂಕಾರಕ್ಕೆ. ಸ್ಯಾಲಿಸಿಲಿಕ್ ಆಮ್ಲಕ್ಕೆ ವಿಲ್ಲೋ ಮರದ ತೊಗಟೆಯಿಂದ ಹೆಸರು ಬಂದಿದ್ದರೂ, 19ನೆಯ ಶತಮಾನದಲ್ಲಿ ಜರ್ಮನಿಯ ಹರ್ಮನ್ ಕೋಲ್ಬೆಯು ಅದನ್ನು ಫಿನಾಲಿನಿಂದ ತಯಾರಿಸುವ ವಿಧಾನವನ್ನು ಕಂಡುಹಿಡಿದಂದಿನಿಂದ ಮರದ ಅಗತ್ಯವೇ ತಪ್ಪಿತು. ಲ್ಯಾಕ್ಟಿಕ್ ಆಮ್ಲವನ್ನು 1780ರಲ್ಲಿ ಸ್ವೀಡನ್ನಿನ ಷೀಲೆ ಹುಳಿತ ಹಾಲಿನಲ್ಲಿ ಗುರುತಿಸಿದನು. ಈಗ ಅದನ್ನು ಪಿಷ್ಟದ ಸಕ್ಕರೆಯನ್ನು ಸೂಕ್ಷ್ಮಜೀವಿಗಳಿಂದ ಹುಳಿಯಿಸಿ ಪಡೆಯುತ್ತಾರೆ. ಹಾಲನ್ನು ಹೆಪ್ಪಿಟ್ಟು ಮೊಸರು ಮಾಡುವ ಮನೆಯವರು ಈ ಹುಳಿಯುವಿಕೆಯನ್ನು ಮಾತ್ರ ದೂಷಿಸಲಾರರು.

ಅಜ್ಜಿಯ ಕಾಲದಲ್ಲಿ ಮುಖಕ್ಕೆ ಕಡಲೆಹಿಟ್ಟನ್ನು ಮೊಸರಿನಲ್ಲಿ ಕಲಸಿ ಹಚ್ಚುತ್ತಿದ್ದರು. ಮೊಸರಿನ ಹುಳಿಯೆಂದರೆ ಈ ಲ್ಯಾಕ್ಟಿಕ್ ಆಮ್ಲವೇ. ಊಟದಲ್ಲಿ ದ್ವಿದಲವೆಂದು ಬೇಳೆ ಮೊಸರುಗಳ ಬೆರಕೆಯನ್ನು ದೂರವಿಡುವ ಅದೇ ಕೈಗಳು ಮುಖಕ್ಕೆ ಅದನ್ನೇ ಮೆತ್ತುತ್ತಿದ್ದವು. ಬಾಯಿಗೆ ಬಾರದ್ದು ಕೆನ್ನೆಗೆ ಹೇಗೆ ಬಂದಿತೆಂದು ಆಗ ಯಾರೂ ಕೇಳಲಿಲ್ಲ. ಹೊಸದನ್ನು ಸೂಕ್ಷ್ಮವಾಗಿ ಪರೀಕ್ಷಿಸಿ ಹಳೆಯದನ್ನು ಹಾಗೆಯೇ ಬಿಡುವುದು ಮನುಷ್ಯಸ್ವಭಾವ.

ಆಮ್ಲವನ್ನು ಬಿಟ್ಟು ಸೀಸೆಯಲ್ಲಿ ಬೇರೆ ಪದಾರ್ಥಗಳೂ ಇರುತ್ತವೆ, ಅಲ್ಲಿ ಎಚ್ಚರ ಬೇಕು. ಕೆಲವು ಟೋನರುಗಳಲ್ಲಿ ಮದ್ಯಸಾರವಿರುತ್ತದೆ, ಕೆಲವದರಲ್ಲಿ ಜೇನು ಅಥವಾ ಬಸವನಹುಳುವಿನ ಲೋಳೆ. ಇವು ಇಲ್ಲದವು ಯಥೇಚ್ಛವಾಗಿ ದೊರೆಯುವುದರಿಂದ ಮೂಲಗುಣಗಳನ್ನು ಪಾಲಿಸುವವರು ಓದಿ ಕೊಳ್ಳಬೇಕು, ಅಷ್ಟೆ.

ಪಂಚೇಂದ್ರಿಯ ಜೀವಿಗಳ ಹಿಂಸೆಯ ವಿಷಯ ಹಾಗೆ ಹಗುರಾಗಿ ದಾಟುವಂಥದಲ್ಲ. 1944ರಲ್ಲಿ ಅಮೆರಿಕದ ಜಾನ್ ಡ್ರೇಜ್ ಮತ್ತು ಸಂಗಡಿಗರು ರೂಪಿಸಿದ ಪರೀಕ್ಷೆಯಲ್ಲಿ ಮೊಲದ ಕಣ್ಣಿಗೂ ಬೋಳಿಸಿದ ಚರ್ಮಕ್ಕೂ ವಸ್ತುವನ್ನು ಹಾಕಿ, ಎಷ್ಟು ಕೆಂಪಾಯಿತು, ಎಷ್ಟು ಹುಣ್ಣಾಯಿತು ಎಂದು ದಿನಗಟ್ಟಲೆ ನೋಡುತ್ತಿದ್ದರು. ದಶಕಗಳ ಕಾಲ ಪ್ರಸಾಧನ ಸಾಮಗ್ರಿಗಳ ಸುರಕ್ಷಿತತೆಯು ಮೊಲಗಳ ಕಣ್ಣಿನಿಂದ ಅಳೆಯಲ್ಪಟ್ಟಿತು. ಭಾರತವು 2014ರಲ್ಲಿ ಪ್ರಸಾಧನ ಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು. ಅದೇ ವರ್ಷದ ನವೆಂಬರಿನಿಂದ ಹಾಗೆ ಪರೀಕ್ಷಿಸಿದವುಗಳ ಆಮದನ್ನೂ ತಡೆಯಿತು. ಯುರೋಪಿನ ಒಕ್ಕೂಟವು ಅಂಥವುಗಳ ಮಾರಾಟವನ್ನು 2013ರಲ್ಲಿಯೇ ಪೂರ್ಣವಾಗಿ ನಿಲ್ಲಿಸಿತ್ತು. ಆದುದರಿಂದ ಇಂದು ಇಲ್ಲಿ ಕ್ರಮಬದ್ಧವಾಗಿ ಮಾರಾಟವಾಗುವ ಸೀಸೆಯ ಹಿಂದೆ ಹೊಸ ಮೊಲದ ನೋವು ಇರಬಾರದು. ಶ್ರಾವಕನ ಅಹಿಂಸೆಯು ಬಯಸಿದುದನ್ನು ಇಲ್ಲಿ ಶಾಸನವು ಮಾಡಿಕೊಟ್ಟಿದೆ.

ಹೀಗೆ ಮೂಲದ ಪ್ರಶ್ನೆ ತೀರಿತೆಂದುಕೊಂಡು ಹಲವರು ನಿರಾಳರಾಗುತ್ತಾರೆ. ಆದರೆ ವಸ್ತುವಿನ ಶುದ್ಧಿಯಿಂದ ಕ್ರಿಯೆಯ ಶುದ್ಧಿ ಸಿದ್ಧಿಸುವುದಿಲ್ಲ. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳಿಂದ ಪ್ರಾಣಕ್ಕೆ ಆಗುವ ಹಾನಿಯೇ ಹಿಂಸೆ ಎಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಪ್ರಾಣವೆಂದಾಗ ಪರರದ್ದು ಮಾತ್ರವೆಂದು ತಿಳಿಯಬೇಕಾಗಿಲ್ಲ. ತನ್ನ ದೇಹಕ್ಕೆ ತಾನು ಅಜಾಗ್ರತೆಯಿಂದ ಮಾಡಿಕೊಳ್ಳುವ ಹಾನಿಯೂ ಆ ವ್ಯಾಪ್ತಿಯೊಳಗೇ ಬರುತ್ತದೆ.

ಇಲ್ಲಿ ಆಮ್ಲದ ಚರಿತ್ರೆಯನ್ನು ಸ್ವಲ್ಪ ನೆನೆಯುವುದು ಉಚಿತ. 1974ರಲ್ಲಿ ಅಮೆರಿಕದ ಚರ್ಮವೈದ್ಯ ಯೂಜೀನ್ ವಾನ್ ಸ್ಕಾಟ್ ಮತ್ತು ಸಂಶೋಧಕ ರೂಯಿ ಯು ಈ ವರ್ಗದ ಆಮ್ಲಗಳ ಗುಣವನ್ನು ಪ್ರಕಟಿಸಿದಾಗ ಅವರ ಮುಂದಿದ್ದವರು ಸೌಂದರ್ಯಾರ್ಥಿಗಳಲ್ಲ. ಮೀನಿನ ಹುರುಪೆಯಂತೆ ಚರ್ಮವು ದಪ್ಪಗಟ್ಟಿ ಬಿರಿಯುವ ಇಕ್ತಿಯೋಸಿಸ್ ಎಂಬ ರೋಗದಿಂದ ನರಳುತ್ತಿದ್ದವರು. ಅಂಥವರಿಗೆ ಅದು ನಿಸ್ಸಂಶಯವಾಗಿ ಔಷಧ, ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ಎರಡು ದಶಕ ಕಳೆಯುವಷ್ಟರಲ್ಲಿ, 1990ರ ದಶಕದಲ್ಲಿ, ಅದೇ ಆಮ್ಲವು ಪ್ರಸಾಧನದ ಅಂಗಡಿಗಳನ್ನು ತುಂಬಿತು. ವಸ್ತು ಬದಲಾಗಲಿಲ್ಲ, ಅದನ್ನು ಹಿಡಿದ ಕೈಯ ಉದ್ದೇಶ ಬದಲಾಯಿತು.

ಔಷಧವೆಂದರೆ ಅದಕ್ಕೆ ರೋಗವಿರಬೇಕು, ಮಾತ್ರೆಯಿರಬೇಕು, ಮುಗಿಯುವ ದಿನವೂ ಇರಬೇಕು. ಅಮೆರಿಕದಲ್ಲಿ ಪ್ರಸಾಧನ ಘಟಕಗಳನ್ನು ಪರಿಶೀಲಿಸುವ ತಜ್ಞಮಂಡಳಿಯು 1990ರ ದಶಕದ ಕೊನೆಯಲ್ಲಿಯೇ, ಮನೆಯ ಬಳಕೆಗೆ ಗ್ಲೈಕೋಲಿಕ್ ಆಮ್ಲವು ನೂರಕ್ಕೆ 10 ಪಾಲನ್ನು ಮೀರಬಾರದು, ದ್ರವದ ಪಿಎಚ್ 3.5ಕ್ಕಿಂತ ಕಡಿಮೆಯಿರಬಾರದು, ಬಿಸಿಲಿನಿಂದ ರಕ್ಷಣೆಯನ್ನೂ ಪಡೆಯಬೇಕು ಎಂದು ಅಭಿಪ್ರಾಯಪಟ್ಟಿತು. ಆಮ್ಲ ಹಚ್ಚಿದ ಚರ್ಮವು ಬಿಸಿಲಿಗೆ ಹೆಚ್ಚು ಬೇಗ ಸುಡುತ್ತದೆ. ಬಳಸುವಾಗ ಮಾತ್ರವಲ್ಲ, ಬಿಟ್ಟ ಮೇಲೆ ಒಂದು ವಾರವೂ ಎಚ್ಚರ ಬೇಕೆಂದು ಸೀಸೆಯ ಮೇಲೆ ಬರೆಯುವಂತೆ ಆ ದೇಶದ ಆಹಾರ ಮತ್ತು ಔಷಧ ಆಡಳಿತವು 2005ರಲ್ಲಿ ಸೂಚಿಸಿತು. ವಾರಕ್ಕೆ ಎರಡು ಮೂರು ರಾತ್ರಿ ಸಾಕಾಗುವುದನ್ನು ಪ್ರತಿದಿನ ಎರಡು ಸಲ ಹಚ್ಚುವುದು, ಒಂದು ಆಮ್ಲದ ಮೇಲೆ ಇನ್ನೊಂದನ್ನು ಸುರಿಯುವುದು, ಮೇಲೆ ಒರಟು ಪುಡಿಯಿಂದ ಉಜ್ಜುವುದು, ಬೆಳಿಗ್ಗೆ ಹಾಗೆಯೇ ಬಿಸಿಲಿಗೆ ಹೋಗುವುದು, ಇವು ಇಂದಿನ ಹುಡುಗಿಯರು ಹುಡುಗರು ಎಡವುವ ಸ್ಥಳಗಳು. ಚರ್ಮದ ಮೇಲ್ಪೊರೆಯು ಕಾವಲುಗೋಡೆ. ಅದು ತೆಳುವಾದರೆ ಒಳಗಿನ ತೇವ ಆರುತ್ತದೆ, ಹೊರಗಿನದು ಉರಿಸುತ್ತದೆ. ಕಂದು ಮೈಬಣ್ಣದವರಲ್ಲಿ ಇನ್ನೊಂದು ವಿಶೇಷವುಂಟು: ಉರಿತ ಶಮನವಾದ ಜಾಗದಲ್ಲಿ ಕಪ್ಪು ಕಲೆ ಉಳಿಯುವುದು ಅವರಲ್ಲಿ ಹೆಚ್ಚು. ಯಾವ ಕಲೆಯನ್ನು ಅಳಿಸಲೆಂದು ಸೀಸೆಯನ್ನು ತಂದರೋ ಆ ಕಲೆಯನ್ನೇ ಸೀಸೆಯ ಅತಿಬಳಕೆಯು ತಂದಿಡುತ್ತದೆ. ವಸ್ತುವನ್ನು ಎತ್ತುವುದರಲ್ಲಿ ಇಡುವುದರಲ್ಲಿ ಸಹ ಜಾಗೃತಿ ಬೇಕೆಂದು ಆದಾನನಿಕ್ಷೇಪಣ ಸಮಿತಿಯನ್ನು ಮುನಿಗಳಿಗೆ ವಿಧಿಸಿದ ಪರಂಪರೆಗೆ, ಒಂದು ಹನಿಯನ್ನು ಎಷ್ಟು ಯೋಚಿಸಿ ಮುಟ್ಟಬೇಕೆಂದು ಬೇರೆ ಹೇಳಬೇಕಾಗಿಲ್ಲ. ಅಗತ್ಯವನ್ನು ಮೀರಿ ಭೋಗಸಾಮಗ್ರಿಗಳನ್ನು ಸೇರಿಸುವುದನ್ನು ಅನರ್ಥದಂಡ ವಿರತಿಯ ಅತಿಚಾರಗಳಲ್ಲಿ ಎಣಿಸಿದೆ. ಕನ್ನಡಿಯ ಮುಂದೆ ಒಂದು ಸೀಸೆಯಿರುವ ಮನೆಗೂ ಹನ್ನೊಂದು ಸೀಸೆಗಳಿರುವ ಮನೆಗೂ ಇರುವ ಅಂತರ ಅದು.

ಮುನಿಧರ್ಮದ ದೃಷ್ಟಿಯಿಂದ ನೋಡಿದರೆ ಈ ಚರ್ಚೆಗೇ ಎಡೆಯಿಲ್ಲ. ಅಸ್ನಾನವು ದಿಗಂಬರ ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಒಂದು, ಮಲಪರೀಷಹವು ಇಪ್ಪತ್ತೆರಡು ಪರೀಷಹಗಳಲ್ಲಿ ಒಂದು. ಮೈಯ ಮಲವನ್ನು ಧರಿಸಿದವರೆಂಬ ಅರ್ಥದ ಮಲಧಾರಿ ಎಂಬ ಹೆಸರೇ ಗೌರವದ ಬಿರುದಾಯಿತು. 1129ರಲ್ಲಿ ಸಮಾಧಿಯನ್ನು ಹೊಂದಿದ ಮಲ್ಲಿಷೇಣ ಮಲಧಾರಿದೇವರ ಪ್ರಶಸ್ತಿಯನ್ನು ಶ್ರವಣಬೆಳಗೊಳದ ಪಾರ್ಶ್ವನಾಥ ಬಸದಿಯಲ್ಲಿ ಇಂದಿಗೂ ಕಾಣಬಹುದು. ಆದರೆ ಶ್ರಾವಕನು ಮುನಿಯಲ್ಲ. ಮಿಂದು ಶುಚಿಯಾಗಿ ಅಭಿಷೇಕ ಪೂಜೆಗಳಿಗೆ ನಿಲ್ಲುವುದು ಅವನ ಧರ್ಮ.

ಅಶುಚಿ ಅನುಪ್ರೇಕ್ಷೆಯನ್ನು ಇಲ್ಲಿ ತಪ್ಪಾಗಿ ಬಳಸುವ ಹಿರಿಯರುಂಟು. ಕನ್ನಡಿಯ ಮುಂದೆ ಕಣ್ಣೀರಿಡುವ ಮಗುವಿಗೆ, ದೇಹವೇ ಮಲದ ಚೀಲ, ಮೊಡವೆಗೇಕೆ ಅಳುವೆ ಎನ್ನುತ್ತಾರೆ. ಅನುಪ್ರೇಕ್ಷೆಯು ತನ್ನ ದೇಹದ ಬಗ್ಗೆ ತಾನು ಏಕಾಂತದಲ್ಲಿ ಮಾಡಬೇಕಾದ ಚಿಂತನೆ. ಪರರ ಮುಖದ ಮೇಲೆ ಎಸೆಯುವ ಕಲ್ಲಲ್ಲ. ನೋಯುವ ಮೊಡವೆಗೆ ವೈದ್ಯರು ಸೂಚಿಸಿದ ಸ್ಯಾಲಿಸಿಲಿಕ್ ಆಮ್ಲವನ್ನು ಮಿತವಾಗಿ ಹಚ್ಚಿಕೊಳ್ಳುವ ಮಗಳಿಗೆ ದೋಷವನ್ನು ಹೊರಿಸುವುದು ಕರುಣೆಯೂ ಅಲ್ಲ, ವೈರಾಗ್ಯವೂ ಅಲ್ಲ.

ರೂಪದ ವಿಷಯದಲ್ಲಿ ಕನ್ನಡ ಜೈನರಿಗೆ ವಡ್ಡಾರಾಧನೆಯ ಮೂಲಕ ಪರಿಚಿತನಾದವನು ಸನತ್ಕುಮಾರ ಚಕ್ರವರ್ತಿ. ಅವನ ಕಥೆಯನ್ನು ಆರಾಧನಾ ಕಥೆಗಳ ಪರಂಪರೆಯು ಹೀಗೆ ಹೇಳುತ್ತದೆ. ಇಂದ್ರಸಭೆಯಲ್ಲಿ ಅವನ ಚೆಲುವಿನ ಹೊಗಳಿಕೆಯನ್ನು ಕೇಳಿ ಇಬ್ಬರು ದೇವರು ನೋಡಲು ಬಂದಾಗ ಅವನು ಸ್ನಾನಕ್ಕೆ ಸಿದ್ಧನಾಗಿ ಅಲಂಕಾರವಿಲ್ಲದೆ ಇದ್ದನು. ಅವರು ಬೆರಗಾದರು. ಸರ್ವಾಭರಣಗಳನ್ನು ಧರಿಸಿ ಸಿಂಹಾಸನದ ಮೇಲೆ ಕುಳಿತಾಗ ಮತ್ತೆ ಬಂದು ನೋಡಿರೆಂದು ಅವನು ಹೆಮ್ಮೆಯಿಂದ ನುಡಿದನು. ಬಂದು ನೋಡಿದ ದೇವರು, ಆಗಿನ ರೂಪ ಈಗಿಲ್ಲವೆಂದರು. ಆಸ್ಥಾನದವರಾರಿಗೂ ಭೇದ ಕಾಣಲಿಲ್ಲ. ಆಗ ಅವರು ತುಂಬಿದ ನೀರಿನ ಕೊಡವನ್ನು ತರಿಸಿ, ಯಾರಿಗೂ ಕಾಣದಂತೆ ಹುಲ್ಲಿನ ಎಸಳಿನಿಂದ ಒಂದು ಹನಿಯನ್ನು ತೆಗೆದು, ಕೊಡವು ಮೊದಲಿನಂತಿದೆಯೇ ಎಂದು ಕೇಳಿದರು. ಇದೆ ಎಂದರು ಎಲ್ಲರೂ. ಚಕ್ರವರ್ತಿಗೆ ಮಾತ್ರ ಅರ್ಥವಾಯಿತು; ಅವನು ರಾಜ್ಯವನ್ನು ತೊರೆದನು. ಮುಂದೆ ತಪಸ್ಸಿನಲ್ಲಿ ಮೈಯೆಲ್ಲ ರೋಗವಾದಾಗ ವೈದ್ಯನ ವೇಷದಲ್ಲಿ ಬಂದ ದೇವನನ್ನು ಅವನು ಕೇಳಿದ್ದು ಸಂಸಾರರೋಗಕ್ಕೆ ಮದ್ದುಂಟೇ ಎಂದು. ಈ ಕಥೆಯನ್ನು ರೂಪದ ಅನಿತ್ಯತೆಗೆ ಉದಾಹರಣೆಯಾಗಿ ಹೇಳುವುದು ರೂಢಿ. ಆದರೆ ಅದರಲ್ಲಿ ಹೆಚ್ಚು ಗಮನಿಸದ ಒಂದು ಅಂಶವಿದೆ. ದೇವರು ಮೆಚ್ಚಿದ್ದು ಅಲಂಕಾರಕ್ಕೆ ಮುಂಚಿನ ಅವನನ್ನು. ನೋಡಲಿ ಎಂಬ ಆಸೆ ಅವನಲ್ಲಿ ಹುಟ್ಟಿದ ಗಳಿಗೆಗೂ ರೂಪವು ಕುಂದಿದ ಗಳಿಗೆಗೂ ನಡುವೆ ಹೆಚ್ಚು ಅಂತರವಿಲ್ಲ.

ಹದಿನೇಳರ ಹುಡುಗಿಗೆ ಈ ಆಸೆ ಎಲ್ಲಿಂದ ಬಂದಿತು? ಅವಳು ಸೀಸೆಯಿಂದ ಬಯಸುತ್ತಿರುವುದು ಮೊಡವೆಯ ಶಮನವನ್ನು ಮಾತ್ರವಲ್ಲ. ಮೊಡವೆ ಆರಿದ ಮೇಲೂ ಅವಳು ಹಚ್ಚುತ್ತಾಳೆ, ಬಣ್ಣ ತಿಳಿಯಾಗಲೆಂದು ಹಚ್ಚುತ್ತಾಳೆ. ಆಮ್ಲಕ್ಕೆ ಆ ಸಾಮರ್ಥ್ಯವಿಲ್ಲ. ಮೈಬಣ್ಣವು ಹೊರಪೊರೆಯ ಬುಡದಲ್ಲಿರುವ ಕೋಶಗಳು ಉತ್ಪಾದಿಸುವ ಮೆಲನಿನ್ನಿನಿಂದ ಬಂದದ್ದು. ಮೇಲಿನ ಸತ್ತ ಪದರವನ್ನು ಎಷ್ಟು ಸಲ ಕಳಚಿದರೂ ಹುಟ್ಟುಬಣ್ಣ ಮಾಸುವುದಿಲ್ಲ. ಶಾಸ್ತ್ರದ ಪರಿಭಾಷೆಯಲ್ಲಿ ಅದು ವರ್ಣನಾಮಕರ್ಮದ ಉದಯ. ಅದಕ್ಕೂ ಚಾರಿತ್ರಕ್ಕೂ ಸಂಬಂಧವಿಲ್ಲ. ಮುನಿಸುವ್ರತರೂ ನೇಮಿನಾಥರೂ ಶ್ಯಾಮವರ್ಣದವರೆಂದು ಪರಂಪರೆಯು ಹೇಳುತ್ತದೆ. ಬಸದಿಯಲ್ಲಿ ಕರಿಯ ಶಿಲೆಯ ಮುಂದೆ ಅರ್ಘ್ಯವನ್ನೆತ್ತುವಾಗ ಯಾರಿಗೂ ಬಣ್ಣವು ಕೊರತೆಯಾಗಿ ಕಾಣುವುದಿಲ್ಲ. ಅರ್ಘ್ಯವನ್ನಿಟ್ಟು ಮನೆಗೆ ಬಂದೊಡನೆ, ಹುಡುಗಿ ಚೂಟಿ, ಓದಿದ್ದಾಳೆ, ಬಣ್ಣ ಮಾತ್ರ ಸ್ವಲ್ಪ ಕಡಿಮೆ ಎಂಬ ಮಾತು ಬರುತ್ತದೆ.

ಕರ್ಮವು ಮಾಡಿದವನಿಗೆ ಮಾತ್ರ ಅಂಟುವುದಿಲ್ಲ. ಕೃತ, ಕಾರಿತ, ಅನುಮೋದನ ಎಂದು ಮೂರು ದ್ವಾರಗಳಿವೆ. ಚರ್ಮ ಸುಡುವವರೆಗೆ ಆಮ್ಲವನ್ನು ಹಚ್ಚಿಕೊಂಡದ್ದು ಹುಡುಗಿಯ ಕೃತ. ಸಂಬಂಧ ನೋಡಲು ಬಂದು ಬಣ್ಣದ ಬಗ್ಗೆ ಪಿಸುಗುಟ್ಟಿ ಹೋದವರದು ಕಾರಿತ. ಅದನ್ನು ಕೇಳಿ ತಲೆದೂಗಿದ ಮನೆಯವರದು ಅನುಮೋದನ. ಮೊದಲನೆಯದನ್ನು ಕುರಿತು ಉಪದೇಶಗಳು ಧಾರಾಳವಾಗಿ ನಡೆಯುತ್ತವೆ. ಉಳಿದೆರಡರ ಲೆಕ್ಕವನ್ನು ಯಾರೂ ಬರೆದುಕೊಂಡಂತಿಲ್ಲ. ಎಂಟು ಮದಗಳಲ್ಲಿ ಶರೀರಮದವೂ ಒಂದು. ತನ್ನ ಮಗನ ಬಿಳಿದಾದ ಮುಖಕ್ಕೆ ಬಿಳಿದಾದ ಸೊಸೆಯನ್ನೇ ಹುಡುಕುವ ತಾಯಿಗೆ ಅದು ಮದವೆಂದು ಹೇಳುವ ಧೈರ್ಯವನ್ನು ಪ್ರವಚನಗಳಲ್ಲಿ ಕಾಣುವುದು ಅಪರೂಪ.

ವಿಶ್ವಸ್ತ ಮಂಡಳಿಗಳ ಹೊಣೆಯೂ ಇಲ್ಲಿದೆ. ವಧೂವರರ ಸಮಾವೇಶಗಳಿಗಾಗಿ ಅಚ್ಚಾಗುವ ಅನೇಕ ಪತ್ರಕಗಳಲ್ಲಿ ಹೆಸರು, ಗೋತ್ರ, ವಿದ್ಯಾಭ್ಯಾಸ, ಎತ್ತರಗಳ ನಂತರ ಮೈಬಣ್ಣವೆಂದು ಒಂದು ಸಾಲು ಇರುತ್ತದೆ. ಆ ಸಾಲನ್ನು ತುಂಬುವಾಗ ಗೋಧಿಬಣ್ಣವೆಂದು ಬರೆಯುವ ಕೈ ಎಷ್ಟು ಸಲ ನಡುಗಿದೆಯೋ! ಸಾಲನ್ನು ಅಲ್ಲಿ ಇಟ್ಟವರಿಗೆ ದುರುದ್ದೇಶವಿರಲಿಲ್ಲ. ಹಿಂದಿನ ವರ್ಷದ ಪತ್ರಕದಲ್ಲಿತ್ತು, ಈ ವರ್ಷವೂ ಅಚ್ಚಾಯಿತು. ಪ್ರಮಾದವೆಂದರೆ ಇದೇ. ಅದನ್ನು ತೆಗೆಯುವುದಕ್ಕೆ ಹಣ ಬೇಕಿಲ್ಲ, ಸರ್ವಸದಸ್ಯರ ಸಭೆಯೂ ಬೇಕಿಲ್ಲ. ಭಾವಚಿತ್ರವಿರುವಾಗ ಬಣ್ಣವನ್ನು ಬರೆಯಬೇಕೇಕೆ ಎಂದು ಕೇಳುವವರಿಗೂ ಬರೆಯದಿದ್ದರೆ ಏನಾಯಿತು ಎಂದು ಕೇಳುವವರಿಗೂ ಉತ್ತರ ಒಂದೇ.

ಮೂರು ಅಂಕಣಗಳ ಕಾಗದವಿನ್ನೂ ಆ ಮನೆಯ ಮೇಜಿನ ಮೇಲಿದೆ. ಅಜ್ಜಿಯು ಸೀಸೆಯನ್ನು ಕೈಗೆ ತೆಗೆದುಕೊಂಡು, ಕನ್ನಡಕವನ್ನು ಏರಿಸಿ, ಸಣ್ಣ ಅಕ್ಷರಗಳನ್ನೆಲ್ಲ ಮೊಮ್ಮಗಳಿಂದ ಓದಿಸುತ್ತಾರೆ. ವೈದ್ಯರನ್ನು ಕಂಡು ಅವರು ಹೇಳಿದಷ್ಟು ರಾತ್ರಿಗಳಿಗೆ ಔಷಧದ ಅಂಕಣ. ಅದಕ್ಕೂ ಮೀರಿದ್ದು ಭೋಗ, ಈ ಹತ್ತು ದಿನ ಇಲ್ಲ ಎಂದು ಇಬ್ಬರೂ ಒಪ್ಪುತ್ತಾರೆ. ಅದೇ ಮೇಜಿನ ಇನ್ನೊಂದು ಬದಿಯಲ್ಲಿ, ಬಸದಿಯ ಮಂಡಳಿಯ ಕಾರ್ಯದರ್ಶಿಯಾದ ಅಜ್ಜನ ಮುಂದೆ, ಮುಂಬರುವ ಸಮಾವೇಶದ ಪತ್ರಕದ ಕರಡಚ್ಚು ತಿದ್ದುಪಡಿಗಾಗಿ ಕಾದಿದೆ. ಎಂಟನೆಯ ಸಾಲು ಮೈಬಣ್ಣ. ಮೊಮ್ಮಗಳು ತನ್ನ ಕಾಗದವನ್ನು ಮಡಿಸಿ, ಲೇಖನಿಯನ್ನು ಅಜ್ಜನ ಕಡೆಗೆ ಸರಿಸುತ್ತಾಳೆ. ಅಚ್ಚುಕೂಟದವರು ಅನಂತ ಚತುರ್ದಶಿಯವರೆಗೆ ಅವಕಾಶ ಕೊಟ್ಟಿದ್ದಾರೆ.